ಸುರಿದವರು ಯಾರು?

ಬೆಳಗ್ಗೆ ಐದೂ ಮುಕ್ಕಾಲು. ಗಂಡನ ಅಂತ್ಯಸಂಸ್ಕಾರಕ್ಕೆ ಬಂದಿದ್ದ ನೆಂಟರಲ್ಲಿ ಕೊನೆಯವರು ನಿನ್ನೆ ಸಂಜೆ ಹೊರಟರು. ಮನೆಯಲ್ಲಿ ಇವತ್ತು ತೊಳೆಯಲು ಇದ್ದದ್ದು ಒಂದೇ ಲೋಟ. ತೊಳೆದಿಟ್ಟು, ಅವನ ಬೈಕನ್ನು ತಳ್ಳಿಕೊಂಡು ಬೀದಿಯ ಕೊನೆಯ ಗ್ಯಾರೇಜಿಗೆ ಬಂದಿದ್ದೇನೆ. ನಾನು ಬರೆಯುವ ಪತ್ರಿಕೆಯ ಪುರವಣಿಗಾಗಿ ಇಲ್ಲಿನ ಮೆಕ್ಯಾನಿಕ್ ಅವರನ್ನು ಮಾತಾಡಿಸುವುದು ಇವತ್ತಿಗೆ ಎಂದು ಮೊದಲೇ ನಿಗದಿಯಾಗಿತ್ತು. ಸಂಪಾದಕರು ರಜೆ ತಗೊಳ್ಳಿ ಎಂದರು. ನನಗೆ ಈ ಬೈಕಿನ ಬಗ್ಗೆ ಒಂದು ಮಾತು ಕೇಳುವುದಿತ್ತು.

ಗ್ಯಾರೇಜ್ ಅಂದರೆ ಎಂಟಡಿ ಅಗಲದ ಒಂದು ಷಟರ್, ಅದರ ಮುಂದೆ ಎಣ್ಣೆ ಕುಡಿದು ಕಪ್ಪಾದ ನೆಲ. ಮಗುಚಿ ಹಾಕಿದ ಪೇಂಟ್ ಡಬ್ಬಿಯ ಮೇಲೆ ಕೂತು ಅವರು ಹಾಲು ಹಾಕುವವನ ಬೈಕಿಗೆ ಕಿವಿ ಕೊಟ್ಟಿದ್ದಾರೆ. ಇಂಜಿನ್ ಜೋರಾಗಿ ಕೂಗುತ್ತಿದೆ, ಚಕ್ರಕ್ಕೆ ಮಾತ್ರ ಅವಸರವಿಲ್ಲ.

"ಯಾರು ಸುರಿದಿದ್ದು?"

"ಏನು ಮೇಸ್ತ್ರಿ?"

"ಎಣ್ಣೆ."

"ಭಾವನ ಕಾರಿಂದು ಸ್ವಲ್ಪ ಉಳಿದಿತ್ತು. ನಾನೇ ಹಾಕಿದೆ. ಒಳ್ಳೆ ಕಂಪನಿದು."

"ಭಾವನ ಚಪ್ಪಲಿನೂ ಒಳ್ಳೆ ಕಂಪನಿದೇ. ಹಾಕ್ಕೊಂಡು ಓಡು ನೋಡೋಣ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಿಂಗೂ ನಾನು ಹೇಳ್ಕೊಡಬೇಕೇನೋ?"

ಹಾಲಿನವ ತಲೆ ಕೆರೆದುಕೊಳ್ಳುತ್ತಾನೆ. ಬೈಗುಳ ಮುಗಿಯುವಷ್ಟರಲ್ಲಿ ಮೇಸ್ತ್ರಿ ಬೋಲ್ಟ್ ಬಿಚ್ಚಿದ್ದಾರೆ, ಎಣ್ಣೆ ತಟ್ಟೆಗೆ ಇಳಿಯುತ್ತಿದೆ.

ಇವರಿಗೆ ಅರವತ್ತೊಂದು. ಈ ಕಸುಬಿಗೆ ನಲವತ್ಮೂರು ವರ್ಷ. ಜನ ಇಟ್ಟ ಹೆಸರು ಬೈಗುಳ ಮೇಸ್ತ್ರಿ. ಎಡಗೈಯ ಉಂಗುರದ ಬೆರಳು ಅರ್ಧವೇ ಇದೆ, ಉಳಿದರ್ಧ ಎಂದೋ ಒಂದು ಚೈನಿನ ಪಾಲಾಯಿತು. ಅಂಗೈ ಚರ್ಮ ವರ್ಷದಲ್ಲಿ ಎರಡು ಸಲ ಸುಲಿಯುತ್ತದೆ. ರಸ್ತೆ ಅಗಲ ಮಾಡುವಾಗ ಮೂರು ಸಲ ಅಂಗಡಿ ಎಬ್ಬಿಸಿದ್ದಾರೆ. ಒಮ್ಮೆ ಒಂದು ದೊಡ್ಡ ಷೋರೂಮಿನಲ್ಲಿ ಕೆಲಸ ಕೇಳಲು ಹೋದರೆ ಸರ್ಟಿಫಿಕೇಟ್ ಎಲ್ಲಿ ಎಂದರಂತೆ. ಇವರು ಬೆರಳು ತೋರಿಸಿ ವಾಪಸು ಬಂದರಂತೆ.

ದಿನಕ್ಕೆ ಆರರಿಂದ ಎಂಟು ಬೈಕು. ಬೆಳಗಿನ ಮೊದಲ ಎರಡು ಗಂಟೆ ಹಾಲು, ಪೇಪರ್ ಹಾಕುವವರಿಗೇ ಮೀಸಲು. ವಾರಕ್ಕೆ ಮೂರ್ನಾಲ್ಕು ಬೈಕು ಕಾರಿನ ಎಣ್ಣೆ ಕುಡಿದು ಬರುತ್ತವೆ. ಒಳಗೆ ಬಿಚ್ಚಿದ ಕ್ಲಚ್ ಪ್ಲೇಟುಗಳನ್ನು ತೊಳೆದು, ಒರೆಸಿ, ಸವೆದವನ್ನು ಬೇರೆ ಇಡುವುದು ಹೆಂಡತಿಯ ಕೆಲಸ. ಪ್ಲೇಟನ್ನು ಬೆಳಕಿಗೆ ಹಿಡಿದು ಅವರು ಬೇಡ ಎಂದರೆ ಮೇಸ್ತ್ರಿ ಎದುರು ಹೇಳುವುದಿಲ್ಲ.

ಕಾರಿನ ಎಣ್ಣೆ ಬೈಕಿಗೆ ಯಾಕಾಗುವುದಿಲ್ಲ ಎಂದು ಕೇಳುತ್ತೇನೆ.

"ಕಾರು ಅಂದ್ರೆ ದೊಡ್ಡ ಮನೆ ಇದ್ದಂಗೆ, ಮೇಡಂ. ಇಂಜಿನ್ನಿಗೊಂದು ಕೋಣೆ, ಗೇರಿಗೊಂದು ಕೋಣೆ. ಕ್ಲಚ್ಚು ಹೊರಗಡೆ, ಒಣಗಿರೋ ಜಾಗದಲ್ಲಿ. ಬೈಕು ಬಡವರ ಮನೆ. ಒಂದೇ ಕೋಣೆ. ಇಂಜಿನ್ನು, ಗೇರು, ಕ್ಲಚ್ಚು ಎಲ್ಲಾ ಒಂದೇ ಎಣ್ಣೇಲಿ ಮುಳುಗಿರಬೇಕು. ಕಾರಿನ ಎಣ್ಣೆಗೆ ಜಾರಿಕೆ ಹೆಚ್ಚಾಗಲಿ ಅಂತ ಏನೇನೋ ಬೆರೆಸಿರ್ತಾರೆ. ಇಂಜಿನ್ನಿಗೆ ಅದು ಸುಖವೇ. ಕ್ಲಚ್ಚಿನ ಕೆಲಸ ಜಾರೋದಲ್ಲ, ಹಿಡಿಯೋದು. ಎಣ್ಣೇಲಿ ನೆನೆದಿದ್ರೂ ಒಂದು ಪ್ಲೇಟು ಇನ್ನೊಂದನ್ನ ಬಿಡಬಾರದು."

"ಬೈಕಿನ ಎಣ್ಣೆ ಕಾರಿಗೆ?"

"ದಾರೀಲಿ ಬತ್ತಿ ಹೋಯ್ತು, ಬೇರೆ ಗತಿಯಿಲ್ಲ ಅಂದ್ರೆ ಹಾಕ್ಕೊಂಡು ಊರು ಸೇರ್ಕೊಳ್ಳಿ. ಆಮೇಲೆ ಬದಲಾಯಿಸಿ. ಅದನ್ನೇ ರೂಢಿ ಮಾಡ್ಕೋಬೇಡಿ, ಕಾರಿನ ಹೊಗೆ ಕೊಳವೆಗೆ ಒಳ್ಳೇದಲ್ಲ. ಗೇರಿಲ್ಲದ ಸ್ಕೂಟರಿನ ಕತೆ ಬೇರೆ, ಅದರ ಕ್ಲಚ್ಚು ಒಣಗಿರೋದು, ಅದಕ್ಕೆ ಅದರದ್ದೇ ಎಣ್ಣೆ."

ಬೆರಳಿಂದ ಮುಟ್ಟಿದರೆ ಯಾವುದು ಯಾವ ಎಣ್ಣೆ ಎಂದು ನಿಮಗೆ ಗೊತ್ತಾಗುತ್ತದಂತೆ ಎಂದೆ. ನಕ್ಕರು.

"ಜನ ಹಂಗೆ ಹೇಳ್ತಾರೆ. ಬೆರಳಿಗೆ ಎಲ್ಲ ಎಣ್ಣೇನೂ ನುಣುಪೇ. ಡಬ್ಬಿ ತಿರುಗಿಸಿ ನೋಡಬೇಕು. ಹಿಂದೆ ಸಣ್ಣ ಚೌಕದಲ್ಲಿ 'ಎಂ.ಎ.' ಅಂತಿರುತ್ತೆ. ಗೇರ್ ಬೈಕಿಗೆ ಅದು."

"ಇವರು ಓದಿರೋದು ಏಳನೇ ಕ್ಲಾಸು," ಎಂದು ಒಳಗಿನಿಂದ ಹೆಂಡತಿ. "ಎಣ್ಣೆ ಮಾತ್ರ ಎಂ.ಎ.ನೇ ಆಗಬೇಕು."

ನಾನೂ ಎಂ.ಎ. ಓದಿದವಳು. ಡಬ್ಬಿ ತಿರುಗಿಸಿ ನೋಡಿರಲಿಲ್ಲ.

ಎಣ್ಣೆ ಯಾರು ಸುರಿದದ್ದು ಎಂದು ಕೇಳದೆ ಇವರು ಬೋಲ್ಟ್ ಬಿಚ್ಚುವುದಿಲ್ಲ. ಅದಕ್ಕೊಂದು ಕಾರಣವಿದೆ. ಹದಿನೆಂಟನೇ ವಯಸ್ಸಿನಲ್ಲಿ ಕಾರಿನ ಗ್ಯಾರೇಜೊಂದರಲ್ಲಿದ್ದರು. ಔಷಧಿ ತಲುಪಿಸುವವರೊಬ್ಬರ ಬೈಕಿಗೆ ಕೈಗೆ ಸಿಕ್ಕಿದ ಡಬ್ಬಿಯಿಂದ ಎಣ್ಣೆ ತುಂಬಿಸಿದರು. ಆ ಮನುಷ್ಯ, ಗಾಡಿ ಎಳೆಯದೆ, ಬೈಕನ್ನು ಏರಿನುದ್ದಕ್ಕೂ ತಳ್ಳಿಕೊಂಡು ಹೋಗಿ, ಔಷಧಿ ಕೊಟ್ಟು, ತಳ್ಳಿಕೊಂಡೇ ವಾಪಸು ಬಂದ.

"ಯಾರು ಸುರಿದಿದ್ದು ಅಂತ ಯಜಮಾನ್ರು ಕೇಳಿದ್ರು. ನಾನು ಬಾಯಿ ಬಿಡಲಿಲ್ಲ. ಜೊತೇಲಿದ್ದವನಿಗೆ ಏಟು ಬಿತ್ತು. ಅವನ ಕೆಲಸಾನೂ ಹೋಯ್ತು. ಅವತ್ತು ಬೈಸ್ಕೊಂಡಿದ್ರೆ ಅವತ್ತಿಗೇ ಮುಗೀತಿತ್ತು." ಕೈ ಒರೆಸಿಕೊಳ್ಳುತ್ತಾರೆ. "ಈಗ ನಾನು ಸುರಿದೆ ಅಂತ ಒಪ್ಕೊಂಡವರಿಗೆ ಮಾತ್ರ ಬೈತೀನಿ. ಇಲ್ಲ ಅನ್ನೋರ ಹತ್ರ ಮಾತೇ ಇಲ್ಲ."

ಹಾಲಿನವ ಹೋದ ಮೇಲೆ ಅವರ ಕಣ್ಣು ನಾನು ತಂದ ಬೈಕಿನ ಮೇಲೆ ಬೀಳುತ್ತದೆ. ಕನ್ನಡಿ ಒಡೆದಿದೆ. ಬಲಗಡೆಯ ಫುಟ್‌ರೆಸ್ಟ್ ಬಾಗಿದೆ.

"ಇದಕ್ಕೇನಾಗಿದೆ?"

ಹೇಳಿದೆ. ಅಪ್ಪನ ಕಾರಿಗೆ ತಂದು ಉಳಿದಿದ್ದ ಅರ್ಧ ಡಬ್ಬಿ ಎಣ್ಣೆಯನ್ನು ಇದಕ್ಕೆ ಸುರಿದವಳು ನಾನು. ದುಬಾರಿ ಎಣ್ಣೆ, ಇವನ ಗಾಡಿಯೂ ಸುಖವಾಗಿರಲಿ ಅಂದುಕೊಂಡಿದ್ದೆ. ಎರಡು ದಿನದ ಮೇಲೆ, "ಸೇತುವೆ ಏರಲ್ಲಿ ಗಾಡಿ ಎಳೀತಿಲ್ಲ ಕಣೇ" ಅಂದ. ನಾನು ಸುರಿದದ್ದು ಹೇಳಿದೆ. ಹೌದಾ ಅಂದ. ಮತ್ತೆ ಆ ಮಾತೆತ್ತಲಿಲ್ಲ. ಹತ್ತು ದಿನಕ್ಕೆ ಅದೇ ಏರಿನಲ್ಲಿ ಹಿಂದಿನಿಂದ ಲಾರಿ ತಗುಲಿತು. ಪೊಲೀಸರು ಬೈಕನ್ನು ಮೊನ್ನೆ ವಾಪಸು ಕೊಟ್ಟರು. ಗಾಡಿ ಎಳೆದಿದ್ದರೆ ಅವನು ಮುಂದೆ ಹೋಗಿಬಿಡುತ್ತಿದ್ದನೇ ಎಂಬುದು ನನ್ನ ಪ್ರಶ್ನೆ.

ಮೇಸ್ತ್ರಿ ಬೈಯುವುದಿಲ್ಲ. ಒಳಗೆ ಪ್ಲೇಟುಗಳ ಸದ್ದು ನಿಲ್ಲುತ್ತದೆ.

ಎಣ್ಣೆಯ ಮುಚ್ಚಳ ತಿರುಗಿಸಿ, ಅದಕ್ಕಂಟಿದ ಕಡ್ಡಿ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಒರೆಸಿ, ಮತ್ತೆ ಅದ್ದಿ ನೋಡುತ್ತಾರೆ. ಬೈಕ್ ಸ್ಟಾರ್ಟ್ ಮಾಡಿ ಹತ್ತುತ್ತಾರೆ. ನಾಲ್ಕನೇ ಗೇರಿಗೆ ಹಾಕಿ, ಬ್ರೇಕನ್ನು ಬಿಗಿಯಾಗಿ ಹಿಡಿಯುತ್ತಾರೆ.

"ಈಗ ಕ್ಲಚ್ ಬಿಡ್ತೀನಿ. ಜಾರ್ತಾ ಇದ್ರೆ ಇಂಜಿನ್ ಕೂಗ್ತಾನೇ ಇರುತ್ತೆ. ಹಿಡೀತಾ ಇದ್ರೆ ನಿಂತುಬಿಡುತ್ತೆ. ನಿಲ್ಲಬೇಕು ಇದು."

ಮೆಲ್ಲಗೆ ಬಿಡುತ್ತಾರೆ. ಬೈಕ್ ಒಮ್ಮೆ ಮೈ ಜಗ್ಗಿ ನಿಂತುಹೋಗುತ್ತದೆ. ಇನ್ನೊಮ್ಮೆ ಸ್ಟಾರ್ಟ್ ಮಾಡುತ್ತಾರೆ. ಮತ್ತೆ ನಿಲ್ಲುತ್ತದೆ. ಮೂರನೆಯ ಸಲ, "ಕೈ ಇಡು ತಾಯಿ" ಎಂದು ನನ್ನ ಕೈಯನ್ನು ಟ್ಯಾಂಕಿನ ಮೇಲೆ ಇಡಿಸುತ್ತಾರೆ. ಒಂದು ನಡುಕ ಬಂದು ಅಂಗೈಯ ಕೆಳಗೇ ನಿಂತಿತು.

"ಕ್ಲಚ್ಚು ಸರಿಯಾಗಿದೆ. ಒಳಗಿರೋದು ನೀನು ಸುರಿದ ಎಣ್ಣೆ ಅಲ್ಲ."

"ನಾನೇ ಸುರಿದಿದ್ದು."

"ನೀನು ಸುರಿದಿದ್ದು ಹಳೇ ಕರಿ ಎಣ್ಣೆ ಮೇಲೆ. ಈಗ ನೋಡು, ಚಹದ ಬಣ್ಣ. ಪೂರ್ತಿ ಇಳಿಸಿ ಹೊಸದು ತುಂಬಿದ್ದಾರೆ. ಹೆಚ್ಚು ದಿನ ಓಡಿಲ್ಲ." ನೆಲಕ್ಕೆ ಬಗ್ಗಿ ಇಂಜಿನ್ನಿನ ತಳ ನೋಡುತ್ತಾರೆ. "ಅಯ್ಯೋ, ಬೋಲ್ಟಿನ ಮೂಲೆ ತಿಂದುಹಾಕಿದ್ದಾರೆ. ಸ್ಪ್ಯಾನರ್ ಓರೆ ಹಿಡಿದಿದ್ದಾರೆ. ಇದು ಕಲಿತವರ ಕೈಯಲ್ಲ."

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಿದ್ದಾರೆ. "ರೀ. ಕನ್ನಡಕದವರು."

"ಯಾವ ಕನ್ನಡಕ?"

"ಆವತ್ತು ನಡ್ಕೊಂಡು ಬಂದಿದ್ರಲ್ಲ. ನೀವು ಬೈದ್ರಿ, ಅವರು ನಗ್ತಾ ನಿಂತಿದ್ರು. ಇದೇನು ಮನುಷ್ಯನಪ್ಪ, ಬೈಸ್ಕೊಳ್ಳೋಕೆ ಬಂದವರ ಹಂಗೆ ನಿಂತಿದಾರೆ ಅಂತ ನಾನು ಅಂದೆನಲ್ಲ."

ಮೇಸ್ತ್ರಿ ಡಬ್ಬಿಯ ಮೇಲೆ ಕೂರುತ್ತಾರೆ.

"ಹೌದು. ಗಾಡಿ ತಂದಿರಲಿಲ್ಲ. ಒಂದು ಲೀಟರ್ ಎಣ್ಣೆ ಕೇಳಿದ್ರು, ಹದಿನೇಳರ ಸ್ಪ್ಯಾನರ್ ಕೇಳಿದ್ರು. ಯಾಕೆ ಅಂದೆ. ಬೈಕಿಗೆ ಕಾರಿನ ಎಣ್ಣೆ ಬಿದ್ದಿದೆ ಅಂದ್ರು. ಯಾರು ಸುರಿದಿದ್ದು ಅಂದೆ. ನಾನೇ ಅಂದ್ರು."

ನನ್ನ ಗಂಡನಿಗೆ ಕನ್ನಡಕವಿತ್ತು. ನಾನು ಏನನ್ನೂ ಬರೆದುಕೊಳ್ಳುತ್ತಿಲ್ಲ.

"ಓದಿದೋರು, ಡಬ್ಬಿ ತಿರುಗಿಸಿ ನೋಡೋಕಾಗಲ್ವಾ ಅಂತ ಚೆನ್ನಾಗಿ ಬೈದೆ. ಗಾಡಿ ತನ್ನಿ, ನಾನೇ ಮಾಡ್ಕೊಡ್ತೀನಿ ಅಂದೆ. ಬೇಡ, ಸುರಿದೋನು ನಾನು, ತೆಗೆಯೋನೂ ನಾನೇ ಆಗ್ಬೇಕು, ಮನೆಯವಳು ಕೆಲಸಕ್ಕೆ ಹೋದಾಗ ಮಾಡಿ ಮುಗಿಸ್ತೀನಿ ಅಂದ್ರು. ನೀನು ತಿನ್ನಬೇಕಿದ್ದ ಬೈಗುಳ ಅವರು ತಿಂದು ಹೋಗಿದ್ದಾರೆ ಕಣಮ್ಮ."

ಆ ಮೇಸ್ತ್ರಿಯ ಬಗ್ಗೆ ಬರಿ, ತುಂಬಾ ಚೆನ್ನಾಗಿ ಬೈತಾರೆ ಎಂದು ನನಗೆ ಹೇಳಿದ್ದು ಅವನೇ. ನಿನಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.

"ಹಾಗಾದರೆ ಏರಿನಲ್ಲಿ..."

"ಲಾರಿ ವಿಷಯ ನಂಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಳಲ್ಲ. ಗಾಡಿ ವಿಷಯ ಗೊತ್ತು. ಅವತ್ತು ಗಾಡಿ ಎಳೀತಿತ್ತು."

ಹೆಂಡತಿ ನನ್ನನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸುತ್ತಾರೆ. ತೊಳೆದ ಪ್ಲೇಟೊಂದನ್ನು, ಒಂದು ಬಟ್ಟೆಯನ್ನು ಕೈಗೆ ಕೊಟ್ಟು, "ಒರೆಸು ಮಗಳೇ" ಎನ್ನುತ್ತಾರೆ. ಏಳು ಪ್ಲೇಟು ಒರೆಸಿದೆ.

ಹೊರಡುವಾಗ, ಇಷ್ಟು ವರ್ಷ ದುಡಿದ ಮೇಲೆ ಏನಾದರೂ ಆಸೆ ಇದೆಯೇ ಎಂದು ಮೇಸ್ತ್ರಿಯನ್ನು ಕೇಳಿದೆ. ಕೇಳಲೇಬೇಕಾದ ಪ್ರಶ್ನೆ ಅದು. ಅವರು ಬಹಳ ಯೋಚಿಸಿದರು. "ಡಬ್ಬಿ ಮೇಲೆ 'ಬೈಕಿಗೆ' ಅಂತ ದೊಡ್ಡದಾಗಿ ಬರೀಲಿ. ಆ ಚೌಕದ ಅಕ್ಷರ ಓದೋಕೆ ನಂಗೇ ಭೂತಗನ್ನಡಿ ಬೇಕು. ಮನೇಲಿರೋರಿಗೆ ಹೆಂಗೆ ಕಾಣುತ್ತೆ?"

ಮನೆಗೆ ಬಂದು ಹುಡುಕಿದೆ. ಚಪ್ಪಲಿ ಗೂಡಿನ ಹಿಂದೆ ಒಂದು ಹಳೇ ಕ್ಯಾನಿನಲ್ಲಿ ಕರಿ ಎಣ್ಣೆ ಇತ್ತು. ಪಕ್ಕದಲ್ಲಿ ನಮ್ಮದೇ ಪುರವಣಿಯ ಹಾಳೆಯಲ್ಲಿ ಸುತ್ತಿಟ್ಟ ಸ್ಪ್ಯಾನರ್.

ಮರುದಿನ ಬೆಳಗ್ಗೆ ಸ್ಪ್ಯಾನರನ್ನು ತೆಗೆದುಕೊಂಡು ಹೋಗುತ್ತೇನೆ. ಮೇಸ್ತ್ರಿ ಪೇಪರ್ ಹಾಕುವವಳೊಬ್ಬಳ ಬೈಕಿನ ಕೆಳಗೆ ಬಗ್ಗಿದ್ದಾರೆ. ತಲೆಯೆತ್ತಿ ಕೈ ಚಾಚುತ್ತಾರೆ. ಹಾಳೆ ಬಿಚ್ಚಿ, ಸ್ಪ್ಯಾನರನ್ನು ಆ ಕಡೆ ಈ ಕಡೆ ತಿರುಗಿಸಿ, ಅದರ ಬಾಯೊಳಗೆ ಬೆರಳಾಡಿಸಿ ನೋಡುತ್ತಾರೆ.

"ಎಣ್ಣೆ ಪಸೆ ಒಂದಿಷ್ಟೂ ಬಿಟ್ಟಿಲ್ಲ. ಸಂದಿಯೆಲ್ಲ ಒರೆಸಿಟ್ಟಿದ್ದಾರೆ," ಎನ್ನುತ್ತಾರೆ ಹೆಂಡತಿಗೆ ಕೇಳುವಂತೆ. ಆಮೇಲೆ ನನಗೆ, "ಕೈ ಸ್ವಲ್ಪ ಓರೆ. ತಿದ್ದಬಹುದಿತ್ತು. ಒಳ್ಳೇ ಮೇಸ್ತ್ರಿ ಆಗ್ತಿದ್ರು."

ಅದೇ ಸ್ಪ್ಯಾನರನ್ನು ಬೋಲ್ಟಿಗೆ ಕೂರಿಸಿ, ಪೇಪರಿನವಳತ್ತ ತಿರುಗಿ, ಯಾರು ಸುರಿದಿದ್ದು ಎಂದು ಕೇಳುತ್ತಾರೆ.