ಇಂಕ್ಯುಬೇಟರಿನೊಳಗೆ ಒಂದು ಮೊಳ ಮಲ್ಲಿಗೆ

ಹೂಟಗಳ್ಳಿಯ ಸಿದ್ದರಾಜು ಶಿಸ್ತಿನ ಮನುಷ್ಯ. ಜೀವಕೋಶ ಬೆಳೆಸುವ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಟೆಂಡರ್. ಕೈಗೆ ಸ್ಪಿರಿಟ್ ಹಚ್ಚದೆ ಬಂದರೆ ಪ್ರೊಫೆಸರನ್ನೂ ಬಾಗಿಲಲ್ಲೇ ನಿಲ್ಲಿಸುವ ಆಸಾಮಿ. ಅಂಥವನೇ ಆ ಕೆಲಸ ಮಾಡಿದನಲ್ಲ, ಏನೆನ್ನೋಣ.

ಅವನ ಹೆಂಡತಿ ಇಂದ್ರಮ್ಮ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡು ಒಂದೂವರೆ ವರ್ಷ. ಆಪರೇಷನ್ ಆದಾಗ ಅವಳೇ ಒಪ್ಪಿ ಕೊಟ್ಟ ಗಡ್ಡೆಯ ಚೂರಿನಿಂದ ಸಂಶೋಧನೆಯ ಹುಡುಗಿ ಶಾಲಿನಿ ಕೋಶ ಬೆಳೆಸಿದ್ದಳು. ಇಂದ್ರಮ್ಮ ಹೋದಮೇಲೂ ಅವು ಇಂಕ್ಯುಬೇಟರಿನಲ್ಲಿ ಬೆಚ್ಚಗೆ ಬದುಕಿದ್ದವು. ದಿನಾ ಬೆಳಿಗ್ಗೆ ಸಿದ್ದರಾಜು ಮೊದಲು ನೋಡುತ್ತಿದ್ದದ್ದು ಅದರ ಬಿಸಿ ಮೂವತ್ತೇಳು ಡಿಗ್ರಿ ಇದೆಯೇ ಎಂದು.

“ಕೋಶದ ಪೊರೆ ಮೇಲೆ ಒಂದು ಪ್ರೋಟೀನ್ ಇರುತ್ತೆ, ಸಿದ್ದರಾಜಣ್ಣ,” ಎಂದು ಶಾಲಿನಿ ಒಮ್ಮೆ ಬಿಡಿಸಿ ಹೇಳಿದ್ದಳು. “ಹೊರಗಿನ ಸಂಕೇತ ತಾಗಿದ್ರೆ ಒಳಗಿರೋ ಜೀನ್‌ಗೆ ಸುದ್ದಿ ಮುಟ್ಟುತ್ತೆ. ಅದು ಆ ಪ್ರೋಟೀನನ್ನ ಇನ್ನಷ್ಟು ಮಾಡಿಸುತ್ತೆ, ಇಲ್ಲಾ ಸಾಕು ಅಂತ ನಿಲ್ಸುತ್ತೆ.”

“ನೆಂಟ್ರು ಬಂದ್ರು ಅಂತ ಬಾಗ್ಲಲ್ಲಿ ಕೂಗಿದ್ರೆ ಒಳಗೆ ಅನ್ನಕ್ಕಿಡೋ ಅಂಗೆ.”

“ಹೂಂ. ಇಂದ್ರಮ್ಮನೋರ ಕೋಶದಲ್ಲಿ ಸಾಕು ಅನ್ನೋ ಸುದ್ದಿ ಮುಟ್ತಾನೇ ಇಲ್ಲ, ಅದಕ್ಕೇ ಅವು ಬೆಳೀತಾನೇ ಇರ್ತವೆ. ಎಲ್ಲಿ ತಪ್ಪಿಹೋಗ್ತಿದೆ ಅಂತ ಗೊತ್ತಾದ್ರೆ ಇನ್ನೊಬ್ರಿಗಾದ್ರೂ ಔಷಧಿ ಸಿಗಬಹುದು.”

ಇನ್ನೊಬ್ಬರಿಗಾದರೂ. ಆ ಮಾತನ್ನು ಹಿಡಿದುಕೊಂಡೇ ಅವನು ದಿನ ತಳ್ಳುತ್ತಿದ್ದ.

ಆಯುಧಪೂಜೆಗೆ ಶಾಲಿನಿ ಊರಿಗೆ ಹೋಗಿದ್ದಳು. ಸಿದ್ದರಾಜು ಮೈಕ್ರೋಸ್ಕೋಪಿಗೆ, ತಕ್ಕಡಿಗೆ, ಫ್ರಿಜ್ಜಿಗೆ ಅರಿಶಿನ ಕುಂಕುಮ ಹಚ್ಚಿ ಹೂ ಇಟ್ಟ. ಕೊನೆಗೆ ಒಂದು ಮೊಳ ಮಲ್ಲಿಗೆ ಉಳಿಯಿತು. ಕೀಮೋದಲ್ಲಿ ಕೂದಲೆಲ್ಲ ಉದುರಿದ ಮೇಲೆ, ಅವನು ತಂದ ಹೂವನ್ನು ಇಂದ್ರಮ್ಮ “ಎಲ್ಲಿಗೆ ಮುಡ್ಕಳ್ಳಿ, ಬುಡಿ” ಎಂದು ಪಕ್ಕಕ್ಕಿಡುತ್ತಿದ್ದಳು. ಮುತ್ತೈದೆಯಾಗಿ ಹೋದವಳು, ಹಬ್ಬದ ದಿನ ಹೂವಿಲ್ಲದೆ ಇರುವುದೇ? ಕೆಟ್ಟ ಗಳಿಗೆ ಹೇಳಿ ಕೇಳಿ ಬರುತ್ತದೆಯೇ. ಇಂಕ್ಯುಬೇಟರಿನ ಬಾಗಿಲು ತೆರೆದು ಅದನ್ನು ಅವಳ ಕೋಶಗಳಿದ್ದ ತಟ್ಟೆಗಳ ಪಕ್ಕದಲ್ಲೇ ಇಟ್ಟುಬಿಟ್ಟ.

ನಾಲ್ಕು ದಿನದ ರಜೆ ಮುಗಿಸಿ ಬಂದ ಶಾಲಿನಿ ನೋಡಿದರೆ ತಟ್ಟೆಗಳ ತುಂಬ ಬೂಷ್ಟು. ಒಂದು ಕೋಶವೂ ಉಳಿದಿರಲಿಲ್ಲ. ಮುಂದಕ್ಕಿರಲೆಂದು ಫ್ರೀಜರಿನಲ್ಲಿ ತೆಗೆದಿಟ್ಟಿದ್ದ ಕೋಶಗಳು ಅದು ಕೆಟ್ಟುನಿಂತಾಗ ಹಿಂದೆಯೇ ಸತ್ತಿದ್ದವು. ಪಕ್ಕದಲ್ಲಿ ಬಾಡಿದ ಮಲ್ಲಿಗೆ ಕಂಡು ಅವಳು ಸಿದ್ದರಾಜುವಿನ ಕಡೆ ತಿರುಗಿದಳು.

“ನಾನೇ ಕಣಮ್ಮ,” ಎಂದ ಸಿದ್ದರಾಜು. “ಅವ್ಳು ಮುಡ್ಕಳ್ಳಿ ಅಂತ ಇಟ್ಟೆ.”

ಕೆಟ್ಟ ತಟ್ಟೆಗಳನ್ನು ಆವಿಯಲ್ಲಿ ಬೇಯಿಸಿ ಎಸೆಯುವುದು ಲ್ಯಾಬಿನ ನಿಯಮ, ಅದು ಅವನದೇ ಕೆಲಸ. “ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ,” ಎಂದು ಶಾಲಿನಿ ಅಳುತ್ತಲೇ ಕೈ ಚಾಚಿದಳು.

ಅವನು ಬಿಡಲಿಲ್ಲ. “ಅವತ್ತು ಅವ್ಳಿಗೆ ಮಣ್ಣು ಹಾಕಿದ್ದೂ ನಾನೇ,” ಎಂದು ಕೈಗೆ ಸ್ಪಿರಿಟ್ ಹಚ್ಚಿಕೊಂಡು ತಟ್ಟೆಗಳನ್ನು ಎತ್ತಿಕೊಂಡ.