‘ಜೂನಿಯರ್ ಮರೆತರು’ ಎಂದ ದಿನ

ಆ ವರ್ಷ ಈಸ್ಟರ್‌ಗೆ ಮುಂಚಿನ ನಮ್ಮ ತಪಸ್ಸು ಕಾಲವೂ ನನ್ನ ಜೂನಿಯರ್ ಹುಡುಗಿಯ ರಂಜಾನ್ ಉಪವಾಸವೂ ಒಟ್ಟಿಗೇ ಬಂದಿದ್ದವು. ಬಂಟ್ವಾಳದ ನನ್ನ ವಕೀಲಿ ಆಫೀಸಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆರೆಯುವವರೇ ಇರಲಿಲ್ಲ. ಇಗರ್ಜಿ ಹೇಳಿದ್ದಕ್ಕಿಂತ ಹೆಚ್ಚೇ ನಾನು ಉಪವಾಸ ಮಾಡುತ್ತಿದ್ದೆ. ಅವಳೆದುರು ಕಡಿಮೆಯಾಗಬಾರದೆಂಬ ಹಟವೂ ಅದರಲ್ಲಿತ್ತು. ಅವಳು ಪೇಟೆಯ ಬ್ಯಾರಿ ಕುಟುಂಬದವಳು, ಆ ಮನೆಯಲ್ಲಿ ಕರಿಕೋಟು ಹಾಕಿದವರಲ್ಲಿ ಮೊದಲಿನವಳು. ಎರಡು ವರ್ಷದಿಂದ ನನ್ನ ಬಳಿ ಕೆಲಸ ಕಲಿಯುತ್ತಿದ್ದಳು.

ಒಂದು ಭಾನುವಾರ ಪೂಜೆಯ ನಂತರ ನಮ್ಮ ಇಗರ್ಜಿಯ ಸಭಾಂಗಣದಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಯುವಜನರಿಗೆ ನಾನು ಉಪನ್ಯಾಸ ಕೊಟ್ಟೆ. ವಿಶ್ವಾಸವನ್ನು ಇಗರ್ಜಿಯ ಬಾಗಿಲಲ್ಲಿ ಬಿಟ್ಟು ಆಫೀಸಿಗೆ ಹೋಗಬೇಡಿ, ಕೈಕೆಳಗಿನವರನ್ನು ಕಾಯಿರಿ ಎಂದೆಲ್ಲ ಹೇಳಿದೆ. ಜೋರು ಚಪ್ಪಾಳೆ ಬಿತ್ತು.

ಮರುದಿನ ಕೋರ್ಟಿನಲ್ಲಿ ನಮ್ಮ ಕೇಸು ಕೂಗಿದರು. ಮನೆಗೆ ಹೋಗುವ ದಾರಿಯ ಬಗ್ಗೆ ಒಬ್ಬ ನಿವೃತ್ತ ಮೇಷ್ಟ್ರಿಗೂ ನೆರೆಯವರಿಗೂ ಇದ್ದ ತಕರಾರು ಅದು. ಮೇಷ್ಟ್ರು ಆ ದಾರಿಯಲ್ಲಿ ನಡೆಯಬಾರದೆಂದು ದಾವೆ ಹಾಕಿದವರು ನೆರೆಯವರು. ಮೇಷ್ಟ್ರ ಪರವಾಗಿ ಉತ್ತರ ಸಲ್ಲಿಸಲು ಅಂದೇ ಕೊನೆಯ ವಾಯಿದೆ. ನನ್ನ ಜೂನಿಯರ್ ಅದನ್ನು ವಾರದ ಹಿಂದೆಯೇ ಬರೆದು, ಮೇಷ್ಟ್ರ ಸಹಿ ಹಾಕಿಸಿ ನನ್ನ ಕೈಗೆ ಕೊಟ್ಟಿದ್ದಳು. ಉಪನ್ಯಾಸದ ಟಿಪ್ಪಣಿಗಳ ಜತೆ ನಾನೇ ಅದನ್ನು ಮನೆಗೆ ಒಯ್ದು ಅಲ್ಲೇ ಬಿಟ್ಟು ಬಂದಿದ್ದೆ.

ನ್ಯಾಯಾಧೀಶರು, “ಎಲ್ಲಿ ಉತ್ತರ?” ಎಂದರು.

“ಸ್ವಾಮೀ, ನನ್ನ ಜೂನಿಯರ್ ತರಲು ಮರೆತರು.”

ಯೋಚಿಸಿ ಹೇಳಿದ ಮಾತಲ್ಲ. ಇಪ್ಪತ್ತೆಂಟು ವರ್ಷದ ವಕೀಲಿಕೆಯಲ್ಲಿ ಕಲಿತ ನಾಲಿಗೆ, ತಾನೇ ಹೊರಳಿತು. ನ್ಯಾಯಾಧೀಶರು ಅವಳತ್ತ ತಿರುಗಿ, “ಕೇಸು ಅಂದರೆ ಆಟ ಅಲ್ಲಮ್ಮಾ,” ಎಂದು ಒಂದು ವಾರದ ಅವಕಾಶ ಕೊಟ್ಟರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ಹೊರಗೆ ಬಂದಾಗ ಮೇಷ್ಟ್ರು ನನ್ನೊಡನೆ, ಅವಳಿಗೂ ಕೇಳುವ ಹಾಗೆ, “ಇನ್ನು ನನ್ನ ಕಾಗದ ಈ ಮಗುವಿನ ಕೈಗೆ ಬೇಡ ಮೇಡಂ,” ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಆ ವಾರ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಜಪಮಾಲೆ ಹಿಡಿದರೆ ಎಣಿಕೆ ತಪ್ಪುತ್ತಿತ್ತು. ಶುಕ್ರವಾರ ಪಾಪನಿವೇದನೆಗೆ ಹೋದೆ. ಗುರುಗಳು ನನ್ನ ಮಗನಿಗಿಂತಲೂ ಚಿಕ್ಕವರು. ಎಲ್ಲ ಕೇಳಿಸಿಕೊಂಡು, “ಆ ಹುಡುಗಿಗೆ ಹೇಳಿದ್ದೀರಾ?” ಎಂದರು.

“ಇಲ್ಲ ಫಾದರ್.”

“ದೇವರು ಕ್ಷಮಿಸ್ತಾರೆ. ಆದರೆ ಅವಳ ಹೆಸರು ಹಾಳಾದದ್ದು ಹಾಗೇ ಉಂಟಲ್ಲ. ಅದನ್ನು ಸರಿ ಮಾಡಬೇಕಾದವರು ನೀವು.”

ಸರಿ ಮಾಡುವುದೆಂದರೆ ಹೇಗೆಂದು ಅವರು ವಿವರಿಸಲಿಲ್ಲ. ನಾನೂ ಕೇಳಲಿಲ್ಲ. ಶನಿವಾರ ಅವಳನ್ನು ನನ್ನ ಕೋಣೆಗೆ ಕರೆದೆ. ಎದುರು ನಿಂತಾಗ ಯಾವುದೋ ಹಳೆಯ ಫೈಲು ಕೇಳಿ ಕಳಿಸಿದೆ. ಸೋಮವಾರ ಕೋರ್ಟಿನಲ್ಲಿ ಉತ್ತರ ಸಲ್ಲಿಸಿದ ಮೇಲೆ, ಅವಳಿಗೆ ಒಂದು ಮಾತೂ ತಿಳಿಸದೆ ಎದ್ದು ನಿಂತೆ.

“ಸ್ವಾಮೀ, ಕಳೆದ ವಾರ ನಾನು ಸುಳ್ಳು ಹೇಳಿದ್ದೆ. ಮರೆತದ್ದು ನಾನು. ನನ್ನ ಜೂನಿಯರ್ ಅಲ್ಲ.”

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ಇದನ್ನು ಅಂದೇ ಹೇಳಬೇಕಿತ್ತು ಎಂದಷ್ಟೇ ಹೇಳಿ ಮುಂದಿನ ಕೇಸು ಕರೆದರು. ಬಾರ್ ರೂಮಿನಲ್ಲಿ ಇಬ್ಬರು ನನ್ನ ಕೈ ಕುಲುಕಿದರು. ನನಗೂ ಹಗುರವಾದಂತಿತ್ತು.

ಮೆಟ್ಟಿಲ ಬಳಿ ಅವಳು ನನ್ನನ್ನು ತಡೆದಳು. ಕಣ್ಣು ಕೆಂಪಾಗಿತ್ತು.

“ನನ್ನ ಹತ್ತಿರ ಮೊದಲು ಹೇಳಬಹುದಿತ್ತಲ್ಲ ಮೇಡಂ?”

“ನಿನ್ನ ಹೆಸರು ಉಳಿಸಲಿಕ್ಕೆ...”

“ನಿಮ್ಮ ಮನಸ್ಸು ಹಗುರ ಆಯ್ತು. ಈಗ ಎಲ್ಲರೂ ನಿಮ್ಮನ್ನು ದೊಡ್ಡವರು ಅಂತಾರೆ. ನಾನು ಮೊದಲು ಮರೆತವಳು, ಈಗ ‘ಅಯ್ಯೋ ಪಾಪ’ ಅನಿಸಿಕೊಳ್ಳುವ ಹುಡುಗಿ. ಎರಡು ಸಲವೂ ಮಾತಾಡಿದ್ದು ನೀವೇ.”

ನಾನು ಏನು ಮಾಡಬೇಕು ಎಂದು ಕೇಳಿದೆ. ಎರಡು ವರ್ಷದಲ್ಲಿ ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು.

“ಈ ಕೇಸಿನ ಪಾಟಿ ಸವಾಲು ನಾನು ಮಾಡ್ತೇನೆ. ನೀವು ಹಿಂದೆ ಕೂತ್ಕೊಳ್ಳಿ. ಎದ್ದು ನಿಲ್ಲಬಾರದು.”

ಮೇಷ್ಟ್ರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಸತ್ಯ ಗೊತ್ತಾದ ಮೇಲೂ ಅವರು ನೋಡುತ್ತಿದ್ದದ್ದು ಅವಳ ವಯಸ್ಸನ್ನು. ಕೊನೆಗೆ ಅರೆಮನಸ್ಸಿನಿಂದ ಒಪ್ಪಿದರು. ಮಳೆಗಾಲ ಕಳೆದು ವಿಚಾರಣೆ ಬಂದಾಗ ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ಅವಳು ಎದುರು ಕಡೆಯ ಸಾಕ್ಷಿಗೆ ಗ್ರಾಮನಕ್ಷೆ ತೋರಿಸಿ, ಅವಸರವಿಲ್ಲದೆ ಕೇಳುತ್ತ ಹೋದಳು. ನಡುವೆ ಒಂದು ಮುಖ್ಯ ಪ್ರಶ್ನೆ ಬಿಟ್ಟಳು ಅನಿಸಿತು. ಎರಡು ಸಲ ಅರ್ಧ ಎದ್ದು ಕುಳಿತೆ. ಹತ್ತು ನಿಮಿಷದ ನಂತರ ಅದೇ ಪ್ರಶ್ನೆಯನ್ನು ಬೇರೆ ಕಡೆಯಿಂದ ಕೇಳಿದಳು. “ಮೇಷ್ಟ್ರು ಮೊದಲಿನಿಂದಲೂ ಅದೇ ದಾರಿಯಲ್ಲಿ ನಡೀತಿದ್ರು,” ಎಂದುಬಿಟ್ಟ ಸಾಕ್ಷಿ. ದಾರಿ ಮೇಷ್ಟ್ರಿಗೆ ಉಳಿಯಿತು.

ಮುಂದಿನ ವರ್ಷ ಅವಳು ಮೂಡುಬಿದಿರೆಯಲ್ಲಿ ಸ್ವಂತ ಆಫೀಸು ತೆರೆದಳು. ಹೋಗುವಾಗ ಜಗಳವಿರಲಿಲ್ಲ, ಕಣ್ಣೀರೂ ಇರಲಿಲ್ಲ. ಈಗ ನನ್ನ ಬಳಿ ಬೆಳ್ತಂಗಡಿ ಕಡೆಯ ಹೊಸ ಹುಡುಗಿಯೊಬ್ಬಳು ಇದ್ದಾಳೆ. ಮೊನ್ನೆ ಅವಳು ಬರೆದ ಅರ್ಜಿಯನ್ನು ತಿದ್ದಲು ಪೆನ್ನು ತೆಗೆದವಳು ಹಾಗೇ ಹಿಡಿದುಕೊಂಡು ಕುಳಿತೆ. ಯಾವ ತಿದ್ದುಪಡಿ ಅವಳಿಗಾಗಿ, ಯಾವುದು ನನಗಾಗಿ ಎಂಬುದು ಇಂದಿಗೂ ನನಗೆ ಸರಿಯಾಗಿ ತಿಳಿಯುವುದಿಲ್ಲ. ಕೊನೆಗೆ ಅವಳನ್ನೇ ಕರೆದು ಪಕ್ಕದ ಕುರ್ಚಿ ಎಳೆದೆ.

“ಇದನ್ನು ಹೀಗೆ ಯಾಕೆ ಬರೆದೆ? ಹೇಳು, ಕೇಳ್ತೇನೆ.”