ಲೆಚ್ಚುಮಿಯನ್ನು ಮುಂದೆ ಬಿಟ್ಟವನು

ದಾರಿ ಸುರಕ್ಷಿತವಾಗಿದೆ ಎಂದು ಆ ಹೆಂಗಸಿಗೆ ಹೇಳಿದವನು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ನಿಮ್ಮ ಹಸುಗಳನ್ನು ಸಂಜೆಗೆ ತಂದು ಬಿಡುತ್ತೇನೆ ಎಂದೂ ಹೇಳಿದೆ — ಅವಳ ಭಾಷೆಯಲ್ಲೇ, ಅವಳು ಕೊಟ್ಟ ಹಾಲು ಕುಡಿಯುತ್ತ. ಯಾರೂ ನನ್ನ ತಲೆಗೆ ಬಂದೂಕು ಹಿಡಿದಿರಲಿಲ್ಲ. ಬಂದೂಕು ನನ್ನ ಹೆಗಲ ಮೇಲೇ ಇತ್ತು.

ಅಜ್ಜಂಪುರದಲ್ಲಿ ನನಗೆ ಹಾರ ಹಾಕಿದವರಿಗೆ ಇದು ಗೊತ್ತಿಲ್ಲ. ನನ್ನ ಹೆಂಡತಿಗೆ ಗೊತ್ತಿಲ್ಲ. ಹೋದ ತಿಂಗಳವರೆಗೆ ಅಪ್ಪನಿಗೂ ಗೊತ್ತಿರಲಿಲ್ಲ. ಬರೆಯಲು ಕೂತಾಗಲೆಲ್ಲ ಮೊದಲು ಬೇರೆ ಏನನ್ನೋ ಬರೆಯುತ್ತಿದ್ದೆ — ಯುದ್ಧ ಎಂದರೆ ಹಾಗೆ, ಪರಿಸ್ಥಿತಿ ಎಂದರೆ ಹೀಗೆ... ಆ ಹಾಳೆಗಳನ್ನೆಲ್ಲ ಹರಿದು ಹಾಕಿದ್ದೇನೆ.

ನಾನು ಎಮ್ಮೆದೊಡ್ಡಿ ಕಾವಲು ಎಂಬ ಹುಲ್ಲುಗಾವಲಿನ ದನಗಾಹಿಯ ಮಗ. ಅಪ್ಪ ನೋಡಿಕೊಳ್ಳುತ್ತಿದ್ದದ್ದು ಅಮೃತಮಹಲ್ ದನಗಳ ಒಂದು ಹಿಂಡು. ಹೊರಗಿನವರು ಹತ್ತಿರ ಹೋದರೆ ಕೊಂಬು ತಗ್ಗಿಸಿ ನಿಲ್ಲುವ, ಅಪ್ಪ ಹೆಸರು ಹಿಡಿದು ಕೂಗಿದರೆ ಅರ್ಧ ಮೈಲಿಯಾಚೆಯಿಂದ ತಲೆ ಎತ್ತಿ ನೋಡುವ ದನಗಳು ಅವು. ಈ ತಳಿಯನ್ನು ಹಿಂದಿನ ಅರಸರು ಬೆಳೆಸಿದ್ದೇ ಫಿರಂಗಿ ಎಳೆಸಲು, ಆಮೇಲೆ ಬಂದ ಇಂಗ್ಲಿಷರೂ ಅದಕ್ಕಾಗಿಯೇ ಉಳಿಸಿಕೊಂಡರು ಎಂಬುದು ಅಪ್ಪನಿಗೆ ದೊಡ್ಡ ಹೆಮ್ಮೆ. ಎಪ್ಪತ್ತರ ದಶಕದಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ಬಂಡೆಯ ಮೇಲೆ ಕೂತು ರೊಟ್ಟಿ ತಿನ್ನುತ್ತ ಎಷ್ಟು ಸಲ ಕೇಳಿದ್ದೇನೋ — "ನಮ್ ದನ ಕಾಬೂಲ್ ತನ್ಕ ಹೋಗಿದ್ವಂತೆ ಕಣೋ ಸಿದ್ದ. ಕುದ್ರೆಗುಳು ಕಾಲೆತ್ತಕ್ಕಾಗ್ದೆ ಕುಸ್ದು ಬಿದ್ವಂತೆ. ಇವು? ಇವು ಎಳದ್ವು!"

ಕಾಬೂಲಿನಲ್ಲಿ ನಮ್ಮ ದನಗಳಿಗೆ ಏನು ಕೆಲಸವಿತ್ತು ಎಂದು ನಾನು ಕೇಳಲಿಲ್ಲ. ಕಡೂರಿನ ಕಾಲೇಜಿನಲ್ಲಿ ಇತಿಹಾಸ ಓದಿ ಬಿ.ಎ. ಮಾಡಿದೆ. ಆಗಲೂ ಕೇಳಲಿಲ್ಲ.

ಕಾಲೇಜಿನಲ್ಲಿ ನನ್ನ ಗೆಳೆಯನೊಬ್ಬ ಬೀರೂರಿನ ರೈಲ್ವೆ ಕಾಲೊನಿಯವನು, ಮನೆಮಾತು ತಮಿಳು. ಎರಡು ವರ್ಷ ಅವನ ತಾಯಿಯ ಕೈಯ ಊಟ ಉಂಡು ಆ ಭಾಷೆ ಕಲಿತೆ. ಪದವಿಯ ನಂತರ ಎಲ್ಲೂ ಕೆಲಸ ಸಿಗದೆ ಸೈನ್ಯ ಸೇರಿದೆ. ಎಂಬತ್ತೇಳರಲ್ಲಿ ನಮ್ಮವರನ್ನು ಲಂಕೆಗೆ ಕಳಿಸಿದಾಗ, ತಮಿಳು ಬರುತ್ತದೆ ಎಂಬ ಕಾರಣಕ್ಕೆ ನಮ್ಮ ತುಕಡಿಯ ದುಭಾಷಿ ನಾನೇ ಆದೆ.

ಶಾಂತಿ ಕಾಯಲು ಹೋಗುತ್ತಿದ್ದೇವೆ ಎಂದು ಹೇಳಿದ್ದರು. ಮೊದಲ ವಾರಗಳಲ್ಲಿ ಅಲ್ಲಿಯ ತಮಿಳು ಜನ ನಮಗೂ ಹಾರ ಹಾಕಿದರು, ಎಳನೀರು ಕೊಟ್ಟರು. ಆಮೇಲೆ ಅಲ್ಲಿಯ ಬಂಡುಕೋರರಿಗೂ ನಮಗೂ ಕಾಳಗ ಹತ್ತಿ ಎಲ್ಲ ತಿರುಗಿತು. ಯಾರನ್ನು ಕಾಪಾಡಲು ಬಂದಿದ್ದೆವೋ ಅವರ ಮನೆಗಳ ಬಾಗಿಲನ್ನೇ ಒದೆಯತೊಡಗಿದೆವು. ಆ ಜಗಳದ ಬೇರು ಎಲ್ಲಿದೆ ಎಂದು ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಯಾವ ಬಾವಿ ಯಾರದ್ದು, ಯಾವ ಕೇರಿ ಯಾವಾಗ ಸುಟ್ಟಿತ್ತು, ಯಾವ ತಾಯಿ ಯಾವ ಮಗನನ್ನು ಯಾರಿಗೆ ಬಿಟ್ಟುಕೊಟ್ಟಿದ್ದಳು... ನಮ್ಮ ಕೈಯಲ್ಲಿದ್ದದ್ದು ಒಂದು ನಕಾಶೆ.

ಆ ಬೆಳಿಗ್ಗೆ ನಾವು ಎಂಟು ಜನ. ತಾಳೆಮರಗಳ ನಡುವಿನ ಕಾಲುದಾರಿ ಹಿಡಿದು ಆಚೆಯ ಠಾಣೆಗೆ ರೇಷನ್ ಮುಟ್ಟಿಸಬೇಕಿತ್ತು. ಮೂರು ದಿನದ ಹಿಂದೆ ಅಂಥದೇ ಒಂದು ದಾರಿಯಲ್ಲಿ ನೆಲಬಾಂಬು ಸಿಡಿದು ನಮ್ಮವರಿಬ್ಬರು ಸತ್ತಿದ್ದರು. ಅವರನ್ನು ಎತ್ತಿದವರಲ್ಲಿ ನಾನೂ ಒಬ್ಬ. ದಾರಿಯ ಬಾಯಿಗೆ ಬಂದು ಎಲ್ಲರೂ ನಿಂತುಬಿಟ್ಟೆವು. ಯಾರೂ ಮೊದಲ ಹೆಜ್ಜೆ ಇಡಲಿಲ್ಲ. ತರೀಕೆರೆಯ ರುದ್ರೇಶ ನನ್ನ ಪಕ್ಕದಲ್ಲಿದ್ದ. ಎಲ್ಲಿ ಹೋದರೂ ನಗಿಸುತ್ತಿದ್ದವನು, ಅವತ್ತು ಅವನ ತುಟಿ ಒಣಗಿತ್ತು.

"ಲೇ ಬಿ.ಎ., ನೀನ್ ಓದ್ದೋನು. ಏನಾರ ಉಪಾಯ ಮಾಡೋ," ಎಂದ.

ಆಗ ನನ್ನ ಕಣ್ಣಿಗೆ ಬಿದ್ದದ್ದು — ತಾಳೆಗರಿಯ ಬೇಲಿಯಾಚೆಯ ಅಂಗಳದಲ್ಲಿ ಕಟ್ಟಿದ್ದ ನಾಲ್ಕು ಹಸುಗಳು.

ಯಾರೂ ಆಜ್ಞೆ ಮಾಡಲಿಲ್ಲ. ಹಸುಗಳನ್ನು ಮುಂದೆ ಬಿಟ್ಟು ಹಿಂದೆ ನಡೆಯುವ ಉಪಾಯ ನನ್ನದು. ನಮ್ಮ ಸುಬೇದಾರನಿಗೆ ವಿವರಿಸಿದವನೂ ನಾನೇ. ಅವನು ಬೇಡ ಎನ್ನಲಿಲ್ಲ. "ನೀನು ಹಸು ಸಾಕುವವರ ಮನೆಯವನಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದ. ಹೌದು ಎಂದೆ. ಅದು ಪ್ರಶ್ನೆಯಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಆ ಹೆಂಗಸಿಗೆ ಐವತ್ತರ ಹತ್ತಿರ ವಯಸ್ಸು. ಒಬ್ಬಳೇ ಇದ್ದಳು. ನನ್ನ ಸಮವಸ್ತ್ರ ಕಂಡು ಬಾಗಿಲಿಗೆ ಅಂಟಿ ನಿಂತಳು. ನಾನು ಅವಳ ಹತ್ತಿರ ಹೋಗಲಿಲ್ಲ, ಮುಂದಾಳು ಹಸುವಿನ ಹತ್ತಿರ ಹೋದೆ. ಅಪ್ಪ ಕಲಿಸಿದ್ದ ಹಾಗೆ ಎದುರಿನಿಂದ ಹೋಗದೆ ಪಕ್ಕದಿಂದ ಹೋಗಿ, ಕತ್ತಿನಡಿ ಜೋಲುವ ಗಂಗೆದೊಗಲಿನ ಕೆಳಗೆ ಬೆರಳಾಡಿಸಿದೆ. ಹಸು ಕತ್ತು ಚಾಚಿತು. ಅದನ್ನು ನೋಡಿ ಅವಳ ಮುಖ ಸಡಿಲವಾಯಿತು. ನಿಮ್ಮ ಮನೆಯಲ್ಲೂ ಇವೆಯೇ ಎಂದಳು. ಇವೆ ಅಮ್ಮಾ ಎಂದೆ. ಒಳಗೆ ಹೋಗಿ ಲೋಟದಲ್ಲಿ ಹಾಲು ತಂದಳು, ಇನ್ನೂ ಬೆಚ್ಚಗಿತ್ತು.

ನಾಲ್ಕು ದಿನದಿಂದ ಹಸುಗಳನ್ನು ಮೇಯಲು ಬಿಟ್ಟಿಲ್ಲ ಎಂದಳು. ಆ ದಾರಿಯಲ್ಲಿ ಏನೋ ಹೂತಿದ್ದಾರಂತೆ, ಹೋಗಬೇಡಿ ಎಂದು ಯಾರೋ ಹೇಳಿ ಹೋದರಂತೆ.

"ನಾವು ಎಲ್ಲ ತೆಗೆದಿದ್ದೇವೆ," ಎಂದೆ. "ದಾರಿ ಸುರಕ್ಷಿತವಾಗಿದೆ. ಆಚೆ ಹುಲ್ಲು ಚೆನ್ನಾಗಿದೆ. ನಾನೇ ಮೇಯಿಸಿಕೊಂಡು ಸಂಜೆಗೆ ತಂದು ಬಿಡುತ್ತೇನೆ."

ಅವಳು ನಂಬಿದಳು. ಬಂದೂಕಿಗೆ ಹೆದರಿ ಅಲ್ಲ — ಹೆದರಿ ಒಪ್ಪಿದ್ದರೆ ನನ್ನ ಪಾಪ ಬೇರೆ ತೂಕದ್ದಾಗುತ್ತಿತ್ತು. ಹಸು ನನ್ನ ಕೈಗೆ ಕತ್ತು ಕೊಟ್ಟಿತಲ್ಲ, ಅದಕ್ಕೆ ನಂಬಿದಳು. ಅಪರಿಚಿತನ ಮಾತಿಗೆ ಹಸುಗಳು ಕದಲುವುದಿಲ್ಲ ಎಂದು ತಾನೇ ಹೇಳಿ, ಅವುಗಳನ್ನು ಮೇವಿಗೆ ಅಟ್ಟುವ ಸದ್ದನ್ನೂ ಕಲಿಸಿದಳು: ನಾಲಗೆಯಿಂದ ಅಂಗುಳಕ್ಕೆ ಎರಡು ಸಲ ಹೊಡೆದು, ಮುಂದಾಳಿನ ಹೆಸರನ್ನು ಎಳೆದು ಕೂಗಬೇಕು. ಲೆಚ್ಚುಮೀ... ನಾನು ಮೊದಲ ಸಲ ಮಾಡಿದ್ದು ಸರಿಯಾಗಲಿಲ್ಲ. ಅವಳು ನಕ್ಕಳು. ಎರಡನೆಯ ಸಲ ಸರಿಯಾಯಿತು.

ಲೆಚ್ಚುಮಿಯ ಕರುವನ್ನು ಮಾತ್ರ ಅಂಗಳದಲ್ಲೇ ಕಟ್ಟಿ ಉಳಿಸಿಕೊಂಡಳು.

ಲೆಚ್ಚುಮಿ ದಾರಿ ಬಲ್ಲ ಹಸು. ನಾಲ್ಕು ದಿನ ಕಟ್ಟಿಹಾಕಿದ್ದ ಹಸು. ತಲೆಯಾಡಿಸುತ್ತ ಹೊರಟಿತು. ನಾನು ಹದಿನೈದು ಹೆಜ್ಜೆ ಹಿಂದೆ ನಾಲಗೆ ಹೊಡೆಯುತ್ತ, ಹೆಸರು ಕೂಗುತ್ತ ನಡೆದೆ. ನನ್ನ ಹಿಂದೆ ಏಳು ಜನ, ನನ್ನ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ. ಇನ್ನೂರು ಗಜ ಏನೂ ಆಗಲಿಲ್ಲ. ಏನೂ ಆಗುವುದಿಲ್ಲವೇನೋ, ಸಂಜೆಗೆ ನಿಜವಾಗಿಯೂ ತಂದು ಬಿಡಬಹುದೇನೋ ಎಂದು ಯೋಚಿಸಿದ್ದು ನೆನಪಿದೆ.

ಆಮೇಲೆ ನೆಲ ಎದ್ದಿತು.

ನಾನು ದಾರಿಯ ಪಕ್ಕದ ಕಾಲುವೆಯಲ್ಲಿ ಬಿದ್ದಿದ್ದೆ. ಕಿವಿಯಲ್ಲಿ ಒಂದೇ ಸಮನೆ ಶಿಳ್ಳೆ. ಮೂರು ಹಸುಗಳು ನನ್ನ ಮೇಲಿಂದಲೇ ಹಾರಿ ಹಿಂದಕ್ಕೆ ಓಡಿದವು. ಲೆಚ್ಚುಮಿ ಸತ್ತಿರಲಿಲ್ಲ. ಏಳಲು ನೋಡುತ್ತಿತ್ತು — ಅದನ್ನು ಬರೆಯಲಾರೆ.

ಆ ಹೆಂಗಸು ಬೇಲಿಯ ಕಂಡಿಯಿಂದ ನುಗ್ಗಿ ಬಂದಳು. ತೋಟವನ್ನು ಅಡ್ಡಹಾಯ್ದು, ಸೀರೆ ಎತ್ತಿಕಟ್ಟಿಕೊಂಡು, ಬರಿಗಾಲಲ್ಲಿ. ದಾರಿಯ ಅಂಚನ್ನು ನೋಡಲೇ ಇಲ್ಲ. ಯಾಕೆ ನೋಡಬೇಕು? ದಾರಿ ಸುರಕ್ಷಿತವಾಗಿದೆ ಎಂದು ನಾನು ಹೇಳಿದ್ದೆನಲ್ಲ.

ಅಲ್ಲಿದ್ದ ಎಂಟು ಜನರಲ್ಲಿ ಅವಳ ಭಾಷೆ ಬರುತ್ತಿದ್ದವನು ನಾನೊಬ್ಬನೇ. ಬರಬೇಡ ಎನ್ನಲು ತಮಿಳಿನಲ್ಲಿ ಮೂರೇ ಅಕ್ಷರ. ವರಾದೇ. ಅದು ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಆದರೆ ಕೂಗಿದರೆ ನಾನಿರುವ ಜಾಗ ಗೊತ್ತಾಗುತ್ತದೆ, ತಾಳೆಮರಗಳ ಹಿಂದಿನಿಂದ ಗುಂಡು ಬರುತ್ತದೆ ಎಂದು... ಮುಖವನ್ನು ಮಣ್ಣಿಗೆ ಒತ್ತಿಕೊಂಡೆ. ಅವಳ ಕಾಲುಗಳು ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಹೋದವು. ಹದಿನೆಂಟು. ಎಷ್ಟೋ ಸಲ ಎಣಿಸಿದ್ದೇನೆ. ಕೂಗಲು ಸಮಯವಿತ್ತು. ಎರಡು ಸಲ ಕೂಗುವಷ್ಟಿತ್ತು.

ಎರಡನೆಯದು ಸಿಡಿಯಿತು.

ತಾಳೆಮರಗಳ ಹಿಂದೆ ಯಾರೂ ಇರಲಿಲ್ಲ. ಒಂದು ಗುಂಡೂ ಹಾರಲಿಲ್ಲ.

ಉಳಿದ ದಾರಿಯನ್ನು ನಾವು ಏನೂ ಆಗದೆ ದಾಟಿದೆವು. ಎಂಟು ಜನರೂ ಬದುಕಿದೆವು. ಮರುದಿನ ಅದೇ ದಾರಿಯಲ್ಲಿ ಹಿಂದಿರುಗುವಾಗ ಕರು ಅಂಗಳದಲ್ಲೇ ಇತ್ತು, ಕೂಗಿ ಕೂಗಿ ಗಂಟಲು ಬಿದ್ದಿತ್ತು. ಬಿಚ್ಚಿ ಬಿಡೋಣ ಎಂದು ರುದ್ರೇಶ ಹೊರಟ. ಸುಬೇದಾರ ಬೇಡ ಎಂದ. ಹಗ್ಗಕ್ಕೆ ಬಾಂಬು ಏನಾದರೂ ಕಟ್ಟಿರಬಹುದು ಎಂದ.

ಓದಿದವನು ಎಂದು ವರದಿಯನ್ನೂ ನನ್ನಿಂದಲೇ ಬರೆಸಿದರು. ಮೇಯುತ್ತ ಬಂದ ದನಗಳು ಸ್ಫೋಟಕಕ್ಕೆ ಸಿಕ್ಕವು, ಅವುಗಳ ಹಿಂದೆ ಬಂದ ಸ್ಥಳೀಯ ಮಹಿಳೆಯೊಬ್ಬಳು ಮೃತಪಟ್ಟಳು ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ಆ ವಾಕ್ಯದಲ್ಲಿ ನಾನು ಎಲ್ಲೂ ಇರಲಿಲ್ಲ. ನಾವೂ ಇರಲಿಲ್ಲ. ದನ ತಾನಾಗಿ ಬಂತು, ಹೆಂಗಸು ತಾನಾಗಿ ಸತ್ತಳು. ಆ ಇಡೀ ಸಾಹಸದ ಬಗ್ಗೆ ದೊಡ್ಡವರು ಬರೆದ ವಾಕ್ಯಗಳನ್ನು ಆಮೇಲೆ ಪತ್ರಿಕೆಗಳಲ್ಲಿ ಓದಿದೆ, ಅವೂ ಹೀಗೇ ಇದ್ದವು. ಎಲ್ಲವೂ ತಾನಾಗಿ ಆಗಿತ್ತು.

ಊರಿಗೆ ಬಂದ ವರ್ಷ ಅಜ್ಜಂಪುರದ ಒಂದು ಶಾಲೆಯಲ್ಲಿ ನನಗೂ ರುದ್ರೇಶನಿಗೂ ಸನ್ಮಾನ ಮಾಡಿದರು. ಪೇಟ ತೊಡಿಸಿದರು. ಸುಗಂಧರಾಜದ ಹಾರದ ವಾಸನೆ ಮೂಗಿಗೆ ಹೊಡೆದು ತಲೆ ತಿರುಗುತ್ತಿದ್ದರೂ ನಿಂತು ಭಾಷಣ ಮಾಡಿದೆ — ನೆರೆಮನೆಗೆ ಬೆಂಕಿ ಬಿದ್ದಾಗ ನಾವು ಸುಮ್ಮನಿರಲಾಗುತ್ತದೆಯೇ ಎಂದು ಕೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಕೆಳಗಿಳಿದ ಮೇಲೆ ರುದ್ರೇಶ ನನ್ನ ಬೆನ್ನಿಗೆ ಗುದ್ದಿ, "ಅದ್ಯಾವ್ ಬೆಂಕೀನೋ ನಂದ್ಸಿದ್ದು? ನಾನಿರ್ಲಿಲ್ವಾ ಆವತ್ತು?" ಎಂದು ನಕ್ಕ. ಆಮೇಲೆ ತನ್ನ ಕಾಲನ್ನು ತಾನೇ ತಟ್ಟಿಕೊಂಡು, "ನಿನ್ ಹಸು ಉಳಿಸಿದ್ ಕಾಲ್ ಕಣ್ಲಾ ಇದು. ಈಗ್ಲೂ ಸೈಕಲ್ ತುಳೀತೈತೆ," ಎಂದ.

ಅವನು ಬದುಕಿದ್ದಾನೆ. ಅವನು ಸಾಯಬೇಕಿತ್ತು ಎಂದು ನಾನು ಹೇಳಲಾರೆ. ಆದರೆ ಅವನ ಕಾಲನ್ನು ಮುಂದಿಟ್ಟು ನನ್ನನ್ನು ಬಿಡಿಸಿಕೊಳ್ಳಲೂ ಆರೆ. ನಾವಿಬ್ಬರೂ ಆ ದಾರಿಯಲ್ಲಿ ಇರಬೇಕಾಗಿಯೇ ಇರಲಿಲ್ಲ. ಅವಳು ಇರಬೇಕಿತ್ತು. ಅದು ಅವಳ ಹಸುಗಳು ದಿನಾ ಮೇಯಲು ಹೋಗುವ ದಾರಿ.

ನಾನು ಕ್ರೂರಿಯಾಗಿರಲಿಲ್ಲ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೇಸಿಗೆಗೆ ನೂಕುವುದು ಇದೇ. ಗೆಳೆಯನ ತಾಯಿ ಅನ್ನ ಬಡಿಸುತ್ತ ಕಲಿಸಿದ ಭಾಷೆ, ಅಪ್ಪ ಕಾವಲಿನಲ್ಲಿ ಕಲಿಸಿದ ದನದ ಒಡನಾಟ — ನನ್ನಲ್ಲಿದ್ದ ಒಳ್ಳೆಯದು ಇವೆರಡೇ. ಪರರ ಅಂಗಳಕ್ಕೆ ಬಂದೂಕು ಹೊತ್ತು ಕಾಲಿಟ್ಟ ಮೇಲೆ ಎರಡೂ ಆಯುಧಗಳಾದವು. ಒಳ್ಳೆಯ ಮನಸ್ಸಿನವರನ್ನು ಕಳಿಸಿದರೆ, ಭಾಷೆ ಬಲ್ಲವರನ್ನು ಕಳಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ನನ್ನನ್ನೇ ಕಳಿಸಿದ್ದರಲ್ಲ.

ಹೋದ ತಿಂಗಳು ಅಜ್ಜಂಪುರದ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಪತ್ರಿಕೆ ಓದುತ್ತಿದ್ದವರೊಬ್ಬರು ಮೇಜು ಗುದ್ದಿದರು. ಯಾವುದೋ ದೇಶದಲ್ಲಿ ಜನ ಬಡಿದಾಡಿಕೊಳ್ಳುತ್ತಿದ್ದರು. "ನಮ್ ಮಿಲಿಟ್ರಿ ಕಳಿಸ್ಬೇಕು ಕಣ್ರೀ. ಎರಡ್ ದಿನಕ್ಕೆ ತಣ್ಣಗ್ ಮಾಡ್ತಾರೆ!" ಆಮೇಲೆ ನನ್ನ ಕಡೆ ತಿರುಗಿ, "ಏನ್ ಸಾರ್, ನೀವ್ ಹೋಗ್ಬಂದೋರು. ನೀವ್ ಹೇಳಿ."

"ಬೇಡ," ಎಂದೆ.

"ಯಾಕ್ ಸಾರ್?"

ನಾನು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಪಕ್ಕದವನು ನಕ್ಕ. "ಬಿಡಿ, ಪಿಂಚಣಿ ಬತ್ತಾ ಐತಲ್ಲ, ಮಿಲಿಟ್ರಿ ಬಿಸಿ ಆರೋಯ್ತು." ಮತ್ತೆ ಅದೇ ಕಾಲುವೆಯಲ್ಲಿ ಮಣ್ಣಿಗೆ ಮುಖ ಒತ್ತಿಕೊಂಡು ಬಿದ್ದಂತಾಯಿತು. ಎದ್ದು ನೇರ ಕಾವಲಿಗೆ ಹೋದೆ.

ಅಪ್ಪನಿಗೆ ಈಗ ದನ ಕಾಯುವ ಕೆಲಸವಿಲ್ಲ. ಆದರೂ ದಿನಾ ಹೋಗಿ ಅದೇ ಬಂಡೆಯ ಮೇಲೆ ಕೂರುತ್ತಾನೆ. ನಾನು ಹಾಲು ಬಿಟ್ಟಿದ್ದು ಅವನಿಗೆ ಬಹಳ ದಿನದ ಕಸಿವಿಸಿ. "ದನಗಾಹಿ ಮಗ ಕರೀ ಕಾಪಿ ಕುಡೀತಾನೆ ಅಂತ ನಗ್ತಾರೆ ಕಣೋ," ಎನ್ನುತ್ತಿದ್ದ. ಡಾಕ್ಟರು ಬೇಡ ಎಂದಿದ್ದಾರೆ ಎಂದು ಸುಳ್ಳು ಹೇಳಿಕೊಂಡು ಬಂದಿದ್ದೆ.

ಅವತ್ತು ಎಲ್ಲ ಹೇಳಿದೆ. ಹಾಲಿನ ಲೋಟದಿಂದ ಹಿಡಿದು ಕರುವಿನವರೆಗೆ. ಅಪ್ಪ ನನ್ನ ಮುಖ ನೋಡಲಿಲ್ಲ. ಕೆಳಗೆ ಮೇಯುತ್ತಿದ್ದ ಹಿಂಡನ್ನೇ ನೋಡುತ್ತಿದ್ದ. ಹೇಳಿ ಮುಗಿಸಿ, ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ.

"ಅಪ್ಪಾ, ಕಾಬೂಲಿಗೆ ಹೋದ್ವಲ್ಲ, ವಾಪಸ್ ಎಷ್ಟ್ ಬಂದ್ವು?"

"ಅದನ್ನ ಯಾರೂ ಹೇಳ್ಲಿಲ್ಲ ಕಣೋ. ನಾನೂ ಕೇಳ್ಲಿಲ್ಲ."

ಆಮೇಲೆ ನಿಧಾನವಾಗಿ, "ಆ ಹಸೂನ್ ಹೆಸ್ರೇನಂದೆ?"

"ಲೆಚ್ಚುಮಿ."

"ಆ ಯಮ್ಮನ್ ಹೆಸ್ರು?"

ಅವಳ ಹಾಲು ಕುಡಿದಿದ್ದೆ. ಅವಳ ನಾಲಗೆಯ ಸದ್ದನ್ನು ಕದ್ದಿದ್ದೆ. ಹಸುವಿನ ಹೆಸರನ್ನು ಅವಳಂತೆಯೇ ಎಳೆದು ಕೂಗಲು ಕಲಿತಿದ್ದೆ.

"ಕೇಳ್ಲಿಲ್ಲ ಅಪ್ಪಾ."

ಅಪ್ಪ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡು ನನ್ನನ್ನು ಬಿಟ್ಟು ಮುಂದೆ ನಡೆದ. ಕರೆಯಲಿಲ್ಲ. ಅವತ್ತಿನಿಂದ ಕಾಬೂಲಿನ ಕಥೆಯನ್ನೂ ಯಾರಿಗೂ ಹೇಳಿಲ್ಲ.

ಈ ವರ್ಷವೂ ಅದೇ ಶಾಲೆಯವರು ಮಕ್ಕಳ ಮುಂದೆ ಮಾತನಾಡಲು ಕರೆದಿದ್ದಾರೆ. ಹೋಗುತ್ತೇನೆ. ಹಾರ ಹಾಕುವ ಮೊದಲೇ ಎದ್ದು ನಿಂತು, ಈ ಹಾಳೆಗಳನ್ನು ಮೊದಲ ಸಾಲಿನಿಂದ ಓದುತ್ತೇನೆ. ಸತ್ತವಳ ಹೆಸರೇನು ಎಂದು ಯಾವುದಾದರೂ ಮಗು ಕೇಳಿದರೆ, ಗೊತ್ತಿಲ್ಲ ಎಂದು ಅಲ್ಲಿಯೂ ಹೇಳುತ್ತೇನೆ.